ಬಳ್ಳಾರಿ ಅದಿರಿನ ಪ್ರಕರಣಗಳು ‘ಸಂಘಟಿತ ಅಪರಾಧ’ದ ಕಾನೂನಿನೊಳಗೆ ಏಕೆ ಬರಲಿಲ್ಲ?

ಪ್ರಶ್ನೆ: ಎಲ್‌ಎಲ್‌.ಎಂ. ವಿದ್ಯಾರ್ಥಿನಿ, ಹುಬ್ಬಳ್ಳಿ

ಮಾನ್ಯರೇ,

ಭ್ರಷ್ಟಾಚಾರವೂ ಸಂಘಟಿತ ಅಪರಾಧವೂ ಒಂದಕ್ಕೊಂದು ಹೆಣೆದುಕೊಂಡಾಗ ನಮ್ಮ ಕಾನೂನು ಅದನ್ನು ಹೇಗೆ ಗುರುತಿಸುತ್ತದೆ ಎಂಬ ವಿಷಯದ ಮೇಲೆ ನಾನು ಪ್ರಬಂಧ ಬರೆಯುತ್ತಿದ್ದು, ಬಳ್ಳಾರಿಯ ಅಕ್ರಮ ಗಣಿಗಾರಿಕೆಯನ್ನು ಮುಖ್ಯ ಉದಾಹರಣೆಯಾಗಿ ಆಯ್ದುಕೊಂಡಿದ್ದೇನೆ. ಈ ಆಯ್ಕೆಗೆ ಒಂದು ಸ್ವಂತ ಕಾರಣವೂ ಇದೆ. ನಮ್ಮ ತಂದೆಯವರು ಗದಗಿನ ಹತ್ತಿರ ಹೆದ್ದಾರಿಯ ಪಕ್ಕದಲ್ಲಿ ಖಾನಾವಳಿ ನಡೆಸುತ್ತಿದ್ದರು. ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಅದಿರಿನ ಲಾರಿಗಳು ಹಗಲೂ ರಾತ್ರಿ ಅಂಕೋಲಾದ ಕಡೆಗೆ ಸಾಲುಗಟ್ಟಿ ಹೋಗುತ್ತಿದ್ದವು. ರೊಟ್ಟಿಯ ಬುಟ್ಟಿಗೆ ಮುಚ್ಚಿದ ಬಿಳಿಯ ಬಟ್ಟೆ ಸಂಜೆಯೊಳಗೆ ಕಾವಿ ಬಣ್ಣಕ್ಕೆ ತಿರುಗುತ್ತಿತ್ತು. ಊಟಕ್ಕೆ ಕೂತ ಚಾಲಕರು ‘ಈ ಲೋಡ್ ರಿಸ್ಕ್ ಮೇಲೆ ಹೊಂಟದ’ ಎಂದು ಆಡಿಕೊಳ್ಳುತ್ತಿದ್ದ ಮಾತಿನ ಅರ್ಥ ನನಗಾಗಲಿ ತಂದೆಯವರಿಗಾಗಲಿ ಆಗ ತಿಳಿದಿರಲಿಲ್ಲ. ‘ಝೀರೋ ರಿಸ್ಕ್’ ಎಂಬ ಹೆಸರಿನಲ್ಲಿ ಹಣ ಕಟ್ಟಿಸಿಕೊಂಡು, ಪರ್ಮಿಟ್ ಇಲ್ಲದ ಅದಿರು ಎಲ್ಲಿಯೂ ತಡೆಯಿಲ್ಲದೆ ಬಂದರು ಮುಟ್ಟುವಂತೆ ನೋಡಿಕೊಳ್ಳುತ್ತಿದ್ದ ಒಂದು ಏರ್ಪಾಡಿತ್ತು ಎಂಬುದು ಲೋಕಾಯುಕ್ತ ವರದಿಯನ್ನು ಓದಿದ ಮೇಲೆ ಗೊತ್ತಾಯಿತು.

ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2011ರ ಜುಲೈ 27ರಂದು ಸಲ್ಲಿಸಿದ ಆ ಎರಡನೆಯ ವರದಿಯ ಅಂದಾಜಿನಂತೆ, 2006ರಿಂದ 2010ರ ನಡುವೆ 2.98 ಕೋಟಿ ಟನ್ ಅದಿರು ಅಕ್ರಮವಾಗಿ ರಫ್ತಾಗಿತ್ತು ಮತ್ತು ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ. ಗಣಿ, ಅರಣ್ಯ, ಪೊಲೀಸ್, ಸಾರಿಗೆ, ಬಂದರು ಹೀಗೆ ಹಲವು ಇಲಾಖೆಗಳ ನೂರಾರು ನೌಕರರ ಹೆಸರುಗಳು ಅದರಲ್ಲಿವೆ. ಅಪರಾಧಶಾಸ್ತ್ರದ ಯಾವ ಪಠ್ಯವನ್ನು ತೆರೆದರೂ ಸಂಘಟಿತ ಅಪರಾಧಕ್ಕೆ ಹೇಳುವ ಲಕ್ಷಣಗಳು, ಅಂದರೆ ಶ್ರೇಣಿ, ಕೆಲಸದ ಹಂಚಿಕೆ, ಲಾಭದ ಹಂಚಿಕೆ, ಅಧಿಕಾರಿಗಳಿಂದ ರಕ್ಷಣೆ, ಎಲ್ಲವೂ ಇಲ್ಲಿ ಕಾಣುತ್ತವೆ. ಸಂಘಟಿತ ಅಪರಾಧದ ವಿರುದ್ಧ ವಿಶ್ವಸಂಸ್ಥೆ ರೂಪಿಸಿದ ಪಲೆರ್ಮೊ ಒಡಂಬಡಿಕೆಯಂತೂ ತನ್ನ 8ನೆಯ ವಿಧಿಯಲ್ಲಿ ಭ್ರಷ್ಟಾಚಾರವನ್ನೂ ಅಪರಾಧವೆಂದು ಘೋಷಿಸಬೇಕೆನ್ನುತ್ತದೆ. ಭಾರತ ಅದನ್ನು ಅನುಮೋದಿಸಿದ್ದು 2011ರ ಮೇ ತಿಂಗಳಲ್ಲಿ, ಅಂದರೆ ವರದಿ ಹೊರಬರುವುದಕ್ಕೆ ಎರಡು ತಿಂಗಳು ಮೊದಲು.

ಹಾಗಿದ್ದರೂ ನಾನು ಓದಿದ ತೀರ್ಪುಗಳಲ್ಲೆಲ್ಲ ಕಾಣುವುದು ಕಳ್ಳತನ, ವಂಚನೆ, ಒಳಸಂಚು, ಭ್ರಷ್ಟಾಚಾರ ತಡೆ ಕಾಯ್ದೆ, ಗಣಿ ಕಾಯ್ದೆ, ಅರಣ್ಯ ಕಾಯ್ದೆ. ನಮ್ಮದೇ ರಾಜ್ಯದ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆ, ಅಂದರೆ ಕೋಕಾ, ಎಲ್ಲಿಯೂ ಕಾಣಲಿಲ್ಲ. ಇದು ಮನಸ್ಸಿಲ್ಲದ್ದರಿಂದ ಆದದ್ದೋ ಅಥವಾ ಕಾಯ್ದೆಯ ಒಳಗೇ ಏನಾದರೂ ಅಡ್ಡಿಯಿದೆಯೋ? ಹೊಸ ನ್ಯಾಯ ಸಂಹಿತೆಯ 111ನೆಯ ಕಲಮಿನಿಂದ ಆ ಅಡ್ಡಿ ನಿವಾರಣೆಯಾಗಿದೆಯೇ? ಇನ್ನೊಂದು ಸಂಕೋಚದ ಪ್ರಶ್ನೆ: ನಮ್ಮಂಥ ವಿಶ್ವವಿದ್ಯಾಲಯದವರು ಇಂಥ ವಿಷಯದಲ್ಲಿ ಪ್ರಬಂಧ ಬರೆದು ಗ್ರಂಥಾಲಯದ ಕಪಾಟಿಗೆ ಸೇರಿಸುವುದನ್ನು ಬಿಟ್ಟು ಬೇರೆ ಏನನ್ನಾದರೂ ಮಾಡಿದ್ದುಂಟೆ?

ಪ್ರತಿಕ್ರಿಯೆ: ನಿವೃತ್ತ ಸರ್ಕಾರಿ ಅಭಿಯೋಜಕ, ದಾವಣಗೆರೆ

ಕೋಕಾದಲ್ಲಿ ಸಂಘಟಿತ ಅಪರಾಧದ ವ್ಯಾಖ್ಯೆಯನ್ನಷ್ಟೇ ಓದಿದರೆ ಬಳ್ಳಾರಿಯ ವ್ಯವಹಾರ ಅದರೊಳಗೆ ಸಲೀಸಾಗಿ ಕೂರುತ್ತದೆ ಎನಿಸುವುದು ಸಹಜ. ಹಿಂಸೆ, ಬೆದರಿಕೆ, ಬಲವಂತದ ಜೊತೆಗೆ ‘ಇತರ ಕಾನೂನುಬಾಹಿರ ವಿಧಾನ’ ಎಂಬ ಮಾತೂ ಅಲ್ಲಿದೆ, ಹಣದ ಲಾಭ ಎಂಬ ಮಾತೂ ಇದೆ. ತೊಡಕಿರುವುದು ಪಕ್ಕದ ವ್ಯಾಖ್ಯೆಯಲ್ಲಿ. ‘ನಿರಂತರ ಕಾನೂನುಬಾಹಿರ ಚಟುವಟಿಕೆ’ ಎನಿಸಿಕೊಳ್ಳಬೇಕಾದರೆ, ಹಿಂದಿನ ಹತ್ತು ವರ್ಷಗಳಲ್ಲಿ, ಮೂರು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟು ಶಿಕ್ಷೆಯಾಗಬಹುದಾದ ಅಪರಾಧಕ್ಕೆ ಒಂದಕ್ಕಿಂತ ಹೆಚ್ಚು ದೋಷಾರೋಪ ಪಟ್ಟಿಗಳು ಸಲ್ಲಿಕೆಯಾಗಿ, ನ್ಯಾಯಾಲಯ ಅವುಗಳನ್ನು ಸಂಜ್ಞಾನಕ್ಕೆ, ಅಂದರೆ ಮುಂದಿನ ನಡಾವಳಿಗಾಗಿ ತನ್ನ ಗಮನಕ್ಕೆ, ತೆಗೆದುಕೊಂಡಿರಬೇಕು. ಮಹಾರಾಷ್ಟ್ರದ 1999ರ ಕಾಯ್ದೆಯಿಂದ ನಾವು ಎತ್ತಿಕೊಂಡ ಷರತ್ತು ಇದು. ಮುಂಬಯಿಯ ಸುಲಿಗೆಕೋರರನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ಕಾಯ್ದೆಯಾದ್ದರಿಂದ ಅಲ್ಲಿಗೆ ಅದು ಹೊಂದುತ್ತದೆ. ಅಂಥವರ ಮೇಲೆ ಠಾಣೆಯಲ್ಲಿ ಹಳೆಯ ಪ್ರಕರಣಗಳು ಇದ್ದೇ ಇರುತ್ತವೆ.

ಈಗ ಬಳ್ಳಾರಿಗೆ ಬನ್ನಿ. ಗಣಿ ಮತ್ತು ಖನಿಜ ಕಾಯ್ದೆಯ 22ನೆಯ ಕಲಮಿನ ಪ್ರಕಾರ ಆ ಕಾಯ್ದೆಯ ಅಪರಾಧಗಳಿಗೆ ನ್ಯಾಯಾಲಯ ಸಂಜ್ಞಾನ ತೆಗೆದುಕೊಳ್ಳುವುದು ಅಧಿಕೃತ ಅಧಿಕಾರಿಯ ಲಿಖಿತ ದೂರಿನ ಮೇಲೆ ಮಾತ್ರ. ದೂರು ಬರೆಯಬೇಕಾದ ಕೈಗಳೇ ಸುಮ್ಮನಿದ್ದವು. ಅನುಮತಿಯಿಲ್ಲದೆ ಖನಿಜ ಸಾಗಿಸುವುದನ್ನು ದಂಡ ಸಂಹಿತೆಯ ಕೆಳಗೆ ಕಳ್ಳತನವೆಂದು ಪೊಲೀಸರು ನೇರವಾಗಿ ತನಿಖೆ ಮಾಡಬಹುದೆಂದು ಸುಪ್ರೀಂ ಕೋರ್ಟ್ ಸಂಜಯ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದ್ದು 2014ರಲ್ಲಿ. ಅಷ್ಟರಲ್ಲಿ ಅದಿರು ಹಡಗು ಹತ್ತಿ ನಾಲ್ಕು ವರ್ಷವಾಗಿತ್ತು. ತಮ್ಮ ಮೇಲೆ ಯಾವ ಪ್ರಕರಣವೂ ದಾಖಲಾಗದಂತೆ ನೋಡಿಕೊಳ್ಳುವುದೇ ಒಂದು ಕೂಟದ ಕಸುಬಾಗಿರುವಾಗ, ಅದೇ ಕೂಟದ ಮೇಲೆ ಹಿಂದೆ ಎರಡು ದೋಷಾರೋಪ ಪಟ್ಟಿಗಳಾಗಿವೆಯೇ ಎಂದು ಕೇಳುವ ಕಾಯ್ದೆಯಿಂದ ಏನಾಗಬೇಕು? ಅಧಿಕಾರಿಗಳನ್ನು ಕೊಂಡುಕೊಳ್ಳಲಾಗದವರು ಕೋಕಾದೊಳಗೆ ಬೀಳುತ್ತಾರೆ, ಕೊಂಡುಕೊಂಡವರು ಹೊರಗುಳಿಯುತ್ತಾರೆ. ಮನಸ್ಸಿರಲಿಲ್ಲ ಎಂಬ ನಿಮ್ಮ ಅನುಮಾನವನ್ನು ನಾನು ತಳ್ಳಿಹಾಕುವುದಿಲ್ಲ, ಆದರೆ ಮನಸ್ಸಿದ್ದರೂ ಈ ಗೋಡೆ ಅಡ್ಡ ಬರುತ್ತಿತ್ತು.

ಷರತ್ತು ಕೂಟಕ್ಕೆ ಸಂಬಂಧಿಸಿದ್ದೇ ಹೊರತು ಪ್ರತಿಯೊಬ್ಬ ಆರೋಪಿಗೂ ಅಲ್ಲ ಎಂಬುದನ್ನು ಮರೆಯಬೇಡಿ. ಗೌರಿ ಲಂಕೇಶ್ ಹತ್ಯೆಯ ಪ್ರಕರಣದಲ್ಲಿ ಒಬ್ಬ ಆರೋಪಿಯ ಮೇಲಿನ ಕೋಕಾ ಆರೋಪಗಳನ್ನು ಹೈಕೋರ್ಟ್ ರದ್ದುಪಡಿಸಿತ್ತು. 2021ರ ಅಕ್ಟೋಬರ್ 21ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ, ಪೂರ್ವಾನುಮೋದನೆ ಕೊಡುವಾಗ ನೋಡಬೇಕಾದದ್ದು ಸಂಘಟಿತ ಅಪರಾಧ ನಡೆದಿದೆಯೇ ಎಂಬುದನ್ನು, ಯಾರು ಯಾರು ಎಂಬುದು ತನಿಖೆಯಲ್ಲಿ ಹೊರಬರಬಹುದು ಎಂದಿತು. ನಿಮ್ಮ ಪ್ರಬಂಧಕ್ಕೆ ಇದು ಬೇಕಾಗುತ್ತದೆ.

ಅಧಿಕಾರಿಯನ್ನು ಈ ಕಾಯ್ದೆಗಳೊಳಗೆ ಎಳೆದು ತರುವ ಪ್ರಯತ್ನ ಆಗಿಲ್ಲವೆಂದಲ್ಲ. ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ನಕಲಿ ಛಾಪಾಕಾಗದದ ಪ್ರಕರಣದಲ್ಲಿ ಮಹಾರಾಷ್ಟ್ರದವರು ಮುಂಬಯಿಯ ಪೊಲೀಸ್ ಕಮಿಷನರರಾಗಿದ್ದವರನ್ನೇ ಸಂಘಟಿತ ಅಪರಾಧ ಕಾಯ್ದೆಯಡಿ ಬಂಧಿಸಿದ್ದರು. ಆಗ 2005ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಜಾಮೀನು ಕೊಡುತ್ತ, ಕೂಟಕ್ಕೆ ಕುಮ್ಮಕ್ಕು ಕೊಡುವುದಕ್ಕೂ ಕರ್ತವ್ಯಲೋಪಕ್ಕೂ ಇರುವ ಅಂತರವನ್ನು ಎಳೆಯೆಳೆಯಾಗಿ ಬಿಡಿಸಿಟ್ಟಿತು. ಕಣ್ಣು ಮುಚ್ಚಿಕೊಂಡದ್ದು ಗೊತ್ತಿದ್ದೂ ಮುಚ್ಚಿಕೊಂಡದ್ದೇ ಎಂದು ರುಜುವಾತು ಮಾಡುವುದು ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು.

ಭ್ರಷ್ಟಾಚಾರ ತಡೆ ಕಾಯ್ದೆಯ ಕಡೆಯಿಂದ ಬಂದರೆ ಇದೇ ತೊಡಕು ಇನ್ನೊಂದು ಮುಖ ತೋರಿಸುತ್ತದೆ. ನಾನು ನಡೆಸಿದ ಒಂದು ಟ್ರ್ಯಾಪ್ ಪ್ರಕರಣವನ್ನು, ಅಂದರೆ ಲಂಚ ಪಡೆಯುವಾಗಲೇ ಬಲೆಗೆ ಬೀಳಿಸಿದ ಪ್ರಕರಣವನ್ನು, ಹೇಳುತ್ತೇನೆ. ಒಂದು ತಾಲ್ಲೂಕಿನ ಕಚೇರಿಯಲ್ಲಿ ಖಾತೆ ಬದಲಾವಣೆಗೆ ನೌಕರನೊಬ್ಬ ಹಣ ಕೇಳಿದ್ದ. ನೋಟುಗಳಿಗೆ ಫಿನಾಲ್ಫ್ತಲೀನ್ ಪುಡಿ ಸವರಿ, ಪಂಚರ ಎದುರು ಸಂಖ್ಯೆಗಳನ್ನು ಬರೆದುಕೊಂಡು, ಹಣ ಕೈ ಬದಲಾಗುವುದನ್ನು ನೋಡಲು ನೆರಳು ಸಾಕ್ಷಿಯನ್ನು ದೂರುದಾರನ ಜೊತೆಗೆ ಕಳಿಸಿ, ಕೊನೆಗೆ ಆತನ ಬೆರಳುಗಳನ್ನು ಸೋಡಿಯಂ ಕಾರ್ಬೊನೇಟಿನ ದ್ರಾವಣದಲ್ಲಿ ಅದ್ದಿಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗಿತು. ಬಾಟಲಿಗೆ ಅರಗಿನ ಮೊಹರು ಬಿತ್ತು. ವಿಚಾರಣೆ ಬಂದದ್ದು ಆರು ವರ್ಷಗಳ ಮೇಲೆ. ಮುದ್ದೆಮಾಲು ಕೊಠಡಿಯಿಂದ ತಂದ ಬಾಟಲಿಯನ್ನು ಎದುರು ಪಕ್ಷದ ವಕೀಲರು ಕಿಟಕಿಯ ಬೆಳಕಿಗೆ ಹಿಡಿದು, ‘ಸ್ವಾಮಿ, ಇದರಲ್ಲಿ ಗುಲಾಬಿ ಎಲ್ಲಿದೆ ತೋರಿಸಿ’ ಎಂದರು. ಒಳಗಿದ್ದದ್ದು ತಿಳಿನೀರು, ಆ ಬಣ್ಣ ಕಾಲಕ್ರಮದಲ್ಲಿ ಮಾಸುತ್ತದೆ. ದೂರುದಾರನ ಖಾತೆ ಅಷ್ಟರಲ್ಲಿ ಆಗಿಹೋಗಿತ್ತು, ಆತ ಸಾಕ್ಷಿಕಟ್ಟೆಯಲ್ಲಿ ತನ್ನ ಹಿಂದಿನ ಹೇಳಿಕೆಗೆ ತಿರುಗಿ ಬಿದ್ದ. ದೂರುದಾರ ತಿರುಗಿ ಬಿದ್ದರೂ ತೀರಿಕೊಂಡರೂ ಹಣದ ಬೇಡಿಕೆಯನ್ನು ಸಾಂದರ್ಭಿಕ ಸಾಕ್ಷ್ಯದಿಂದ ಸಾಬೀತುಪಡಿಸಬಹುದೆಂದು ನೀರಜ್ ದತ್ತಾ ಪ್ರಕರಣದಲ್ಲಿ ಸಂವಿಧಾನ ಪೀಠ ಹೇಳಿದ್ದು 2022ರ ಡಿಸೆಂಬರಿನಲ್ಲಿ. ನನ್ನ ಪ್ರಕರಣಕ್ಕೆ ಅದು ಸಿಗಲಿಲ್ಲ.

ಟ್ರ್ಯಾಪ್ ಹಿಡಿಯುವುದು ಕೊನೆಯ ಕೈಯನ್ನು. ಒಂದು ಕೆಲಸ, ಒಂದು ಬೇಡಿಕೆ, ಒಂದು ಹಸ್ತಾಂತರ ಇದ್ದರೆ ಅದು ಲಂಚ. ಅದಕ್ಕೆ ಕಾಯ್ದೆ ಹೊಂದುತ್ತದೆ. ನಮ್ಮ ಜನಕ್ಕೆ ಇನ್ನೊಂದು ಪದ ಗೊತ್ತು: ಮಾಮೂಲು. ಅದರಲ್ಲಿ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ, ತಿಂಗಳಿಗೆ ಇಂತಿಷ್ಟು ಎಂದು ಹೋಗುತ್ತದೆ, ಕೆಳಗಿನಿಂದ ಮೇಲಿನವರೆಗೆ ಪಾಲಾಗುತ್ತದೆ, ನಿರ್ದಿಷ್ಟ ಕೆಲಸವೊಂದಕ್ಕೆ ಗಂಟು ಹಾಕಲು ಬರುವುದಿಲ್ಲ. ನಿಮ್ಮ ಖಾನಾವಳಿಯ ಚಾಲಕರು ಹೇಳುತ್ತಿದ್ದ ರಿಸ್ಕ್ ಎಂಬುದು ಮಾಮೂಲೇ ಬೆಳೆದು ಲಾರಿಯ ಗಾತ್ರಕ್ಕೆ ಬಂದದ್ದು. ಲಂಚದ ಕಾಯ್ದೆಗೆ ಅದರ ಬಾಲ ಸಿಗುತ್ತದೆ, ಸಂಘಟಿತ ಅಪರಾಧದ ಕಾಯ್ದೆಗೆ ಅದು ಕಾಣುವುದೇ ಇಲ್ಲ.

ಪ್ರತಿಕ್ರಿಯೆ: ವಕೀಲ, ಬಳ್ಳಾರಿ

ಹಿರಿಯರು ಹೇಳಿದ್ದರಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ. ಆದರೆ ಅವರ ಮಾತಿನಿಂದ ‘ಹಾಗಾದರೆ ಷರತ್ತನ್ನು ಸಡಿಲಿಸೋಣ’ ಎಂಬ ತೀರ್ಮಾನಕ್ಕೆ ಯಾರಾದರೂ ಬರುವುದಾದರೆ ಅದಕ್ಕೆ ನನ್ನ ಬಲವಾದ ವಿರೋಧವಿದೆ, ಏಕೆಂದರೆ ಸಡಿಲವಾದ ಕಾಯ್ದೆ ಮೊದಲು ಯಾರ ಕೊರಳಿಗೆ ಬೀಳುತ್ತದೆ ಎಂಬುದನ್ನು ಈ ಜಿಲ್ಲೆಯ ನ್ಯಾಯಾಲಯಗಳಲ್ಲಿ ದಿನವೂ ನೋಡುವವನು ನಾನು. ಮರಳು ತುಂಬಿದ ಟ್ರ್ಯಾಕ್ಟರಿನ ಚಾಲಕ ಸಿಗುತ್ತಾನೆ, ಟ್ರ್ಯಾಕ್ಟರಿನ ಮಾಲೀಕ ಕೂಡ ಸಿಗುವುದಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 111ನೆಯ ಕಲಮನ್ನು ಪದ ಪದವಾಗಿ ಓದಿ ನೋಡಿ, ಮೇಡಂ. ಸುಲಿಗೆ, ವಾಹನ ಕಳ್ಳತನ, ಭೂಕಬಳಿಕೆ, ಸುಪಾರಿ ಕೊಲೆ, ಸೈಬರ್ ಅಪರಾಧ, ಮಾನವ ಸಾಗಣೆ ಎಲ್ಲವೂ ಪಟ್ಟಿಯಲ್ಲಿವೆ. ಆರ್ಥಿಕ ಅಪರಾಧವೂ ಇದೆ. ಅದರ ವಿವರಣೆಯಲ್ಲಿ ನಂಬಿಕೆದ್ರೋಹ, ಖೋಟಾ ದಾಖಲೆ, ಹವಾಲಾ, ಬ್ಯಾಂಕಿಗೆ ಮಾಡುವ ಮೋಸ, ಕೊನೆಗೆ ನಕಲಿ ಸರ್ಕಾರಿ ಸ್ಟ್ಯಾಂಪುಗಳೂ ಬರುತ್ತವೆ. ತೆಲಗಿ 2017ರಲ್ಲಿ ತೀರಿಕೊಂಡ ಮೇಲೂ ಆತನ ನೆರಳು ಶಾಸನದಲ್ಲಿ ಉಳಿದಿದೆ ನೋಡಿ. ಲಂಚ ಎಂಬ ಪದವಿಲ್ಲ. ಗಣಿಗಾರಿಕೆ ಎಂಬ ಪದವೂ ಇಲ್ಲ. ಖೋಟಾ ಪರ್ಮಿಟ್ಟನ್ನು ಹಿಡಿದುಕೊಂಡು ಒಳಗೆ ನುಗ್ಗಬಹುದು, ಆದರೆ ಒಂದಕ್ಕಿಂತ ಹೆಚ್ಚು ದೋಷಾರೋಪ ಪಟ್ಟಿಗಳ ಷರತ್ತು ಅಲ್ಲಿಯೂ ಹಾಗೆಯೇ ಕೂತಿದೆ. ಕೋಕಾದಲ್ಲಿದ್ದ ಹಿರಿಯ ಅಧಿಕಾರಿಯ ಪೂರ್ವಾನುಮೋದನೆಯ ಕಾವಲು ಮಾತ್ರ ಈ ಕಲಮಿನಲ್ಲಿಲ್ಲ. ಸಾವು ಸಂಭವಿಸದ ಪ್ರಕರಣಕ್ಕೂ ಕನಿಷ್ಠ ಐದು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಹಾಕಬಲ್ಲ ಕಲಮನ್ನು ಠಾಣೆಯ ಮಟ್ಟದಲ್ಲಿಯೇ ಹಚ್ಚಲು ಬಿಟ್ಟಿದ್ದಾರೆ. ಅಡ್ಡಿ ಇದ್ದಲ್ಲಿಯೇ ಇದೆ, ಕಾವಲು ಹೋಗಿದೆ ಎಂದು ನೀವು ಧೈರ್ಯವಾಗಿ ಬರೆಯಬಹುದು.

ಬಳ್ಳಾರಿಯಲ್ಲಿ ಯಂತ್ರಗಳನ್ನು ನಿಲ್ಲಿಸಿದ್ದು ಯಾವ ದಂಡನೆಯ ಕಾಯ್ದೆಯೂ ಅಲ್ಲ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ರಿಟ್ ಅರ್ಜಿ 562. ಅದರಲ್ಲಿ 2011ರ ಜುಲೈ 29ರಂದು ಬಳ್ಳಾರಿಯಲ್ಲಿ, ಆಗಸ್ಟ್ 26ರಂದು ತುಮಕೂರು ಮತ್ತು ಚಿತ್ರದುರ್ಗಗಳಲ್ಲಿ ಗಣಿಗಾರಿಕೆ ನಿಂತಿತು. ಜಂಟಿ ಸಮೀಕ್ಷಾ ತಂಡ ಒಂದೊಂದು ಗುತ್ತಿಗೆಯ ಗಡಿಯನ್ನೂ ಅಳೆಯಿತು. ಗಡಿಯಾಚೆ ಅಗೆದ ಗುಂಡಿ ಗುತ್ತಿಗೆಯ ವಿಸ್ತೀರ್ಣದ ಶೇ 10ರೊಳಗಿದ್ದರೆ, ಗಡಿಯಾಚೆ ಸುರಿದ ಮಣ್ಣು ಶೇ 15ರೊಳಗಿದ್ದರೆ ‘ಬಿ’ ವರ್ಗ. ಅದನ್ನು ಮೀರಿದ್ದರೆ ‘ಸಿ’. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ‘ಸಿ’ ವರ್ಗದ ಐವತ್ತರ ಆಸುಪಾಸಿನ ಗುತ್ತಿಗೆಗಳು ರದ್ದಾದವು. ಉಳಿದವರು ಅಕ್ರಮ ಗುಂಡಿಗೆ ಹೆಕ್ಟೇರಿಗೆ 5 ಕೋಟಿ, ಅಕ್ರಮ ಮಣ್ಣಿನ ಗುಡ್ಡೆಗೆ 1 ಕೋಟಿ ಕಟ್ಟಬೇಕಾಯಿತು. ಅದಿರನ್ನು ಇ-ಹರಾಜಿನಲ್ಲಿಯೇ ಮಾರಬೇಕಾಯಿತು, ವರ್ಷಕ್ಕೆ ಇಷ್ಟೇ ತೆಗೆಯಬೇಕೆಂಬ ಮಿತಿ ಬಂತು. ಯಾರ ಮನಸ್ಸಿನಲ್ಲಿ ಏನಿತ್ತು ಎಂದು ಯಾರೂ ಸಾಬೀತುಪಡಿಸಬೇಕಾಗಿರಲಿಲ್ಲ; ಗುಂಡಿ ಎಲ್ಲಿದೆ, ಗಡಿ ಎಲ್ಲಿದೆ, ಅಷ್ಟೇ. ಸಂಡೂರಿನಲ್ಲಿ ನಮ್ಮ ಕಕ್ಷಿದಾರರೊಬ್ಬರು ಆ ವರ್ಷ ‘ಇಪ್ಪತ್ತು ವರ್ಷದ ಮೇಲೆ ರಾತ್ರಿ ನಾಯಿ ಬೊಗಳೋದು ಕೇಳ್ಸಾಕತ್ತೈತಿ ನೋಡ್ರಿ’ ಎಂದಿದ್ದರು.

ಕ್ರಿಮಿನಲ್ ಪ್ರಕರಣಗಳ ಕಥೆ ಬೇರೆ. ಅಂಕೋಲಾದ ಹತ್ತಿರದ ಬೇಲೆಕೇರಿ ಬಂದರಿನಿಂದ ಅದಿರು ಸಾಗಿಸಿದ ಪ್ರಕರಣಗಳಲ್ಲಿ ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಶಾಸಕರೊಬ್ಬರು, ಬಂದರು ಅಧಿಕಾರಿ ಹಾಗೂ ಇತರರಿಗೆ ಏಳು ವರ್ಷಗಳ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರಿನಲ್ಲಿ, ಘಟನೆಯಾಗಿ 14 ವರ್ಷಗಳ ಮೇಲೆ. ಮುಂದಿನ ತಿಂಗಳೇ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಒಬುಳಾಪುರಂ ಗಣಿ ಕಂಪನಿಯ ಪ್ರಕರಣದಲ್ಲಿ ಹೈದರಾಬಾದಿನ ಸಿಬಿಐ ನ್ಯಾಯಾಲಯದ ತೀರ್ಪು ಬಂದದ್ದು 2025ರ ಮೇ 6ರಂದು, ಅಲ್ಲಿಯೂ ಮೇಲ್ಮನವಿಯಲ್ಲಿ ಶಿಕ್ಷೆ ಅಮಾನತಾಯಿತು. ಲೋಕಾಯುಕ್ತ ವರದಿಯ ಆಧಾರದ ಮೇಲೆ ಅಂದಿನ ಮುಖ್ಯಮಂತ್ರಿಯವರ ವಿರುದ್ಧ ದಾಖಲಾಗಿದ್ದ ಎಫ್‌ಐಆರ್ ಅನ್ನು, ಅವರ ಅಹವಾಲು ಕೇಳದೆಯೇ ವರದಿ ಬರೆಯಲಾಗಿದೆ ಎಂಬುದೂ ಸೇರಿದಂತೆ ಹಲವು ಕಾರಣಗಳಿಗಾಗಿ ಹೈಕೋರ್ಟ್ 2012ರ ಮಾರ್ಚಿನಲ್ಲಿ ರದ್ದುಪಡಿಸಿತು. ಮುಂದೆ ಸಿಬಿಐ ಹೂಡಿದ ಪ್ರಕರಣದಲ್ಲಿ 2016ರಲ್ಲಿ ಅವರು ಖುಲಾಸೆಯಾದರು. ಸಾವಿರಾರು ಪುಟಗಳ ವರದಿ ಒಂದು ನೋಟಿಸು ಕೊಡುವುದನ್ನು ಬಿಟ್ಟದ್ದಕ್ಕೆ ತೆತ್ತ ಬೆಲೆ ಅದು ಎಂದು ನಾನು ಕಿರಿಯ ವಕೀಲರಿಗೆ ಹೇಳುತ್ತಿರುತ್ತೇನೆ.

ಪ್ರತಿಕ್ರಿಯೆ: ಸಂಖ್ಯಾಶಾಸ್ತ್ರ ಅಧ್ಯಾಪಕ, ಮೈಸೂರು

ಮೂರನೆಯ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಕಾನೂನು ನನ್ನ ಕ್ಷೇತ್ರವಲ್ಲ.

ವಿಶ್ವವಿದ್ಯಾಲಯದವರು ಮಾಡಿದ ಕೆಲಸಕ್ಕೆ ನಮ್ಮಲ್ಲಿಯೇ ಒಂದು ಒಳ್ಳೆಯ ಉದಾಹರಣೆಯಿದೆ. ಅಹಮದಾಬಾದಿನ ಐಐಎಂನ ಕೆಲವು ಪ್ರಾಧ್ಯಾಪಕರು 1999ರಲ್ಲಿ ದೆಹಲಿ ಹೈಕೋರ್ಟಿಗೆ ಹೋಗಿ, ಚುನಾವಣೆಗೆ ನಿಲ್ಲುವವರು ತಮ್ಮ ಮೇಲಿನ ಕ್ರಿಮಿನಲ್ ಪ್ರಕರಣಗಳನ್ನೂ ಆಸ್ತಿಯನ್ನೂ ಘೋಷಿಸುವಂತಾಗಬೇಕು ಎಂದು ಕೇಳಿದರು. ಅವರಲ್ಲಿ ಒಬ್ಬರಾದ ತ್ರಿಲೋಚನ್ ಶಾಸ್ತ್ರಿಯವರು ಮುಂದೆ ಬೆಂಗಳೂರಿನ ಐಐಎಂಗೆ ಬಂದರು. ಸುಪ್ರೀಂ ಕೋರ್ಟ್ 2002ರ ಮೇ 2ರಂದು ಅದನ್ನು ಎತ್ತಿಹಿಡಿಯಿತು. ಆ ತೀರ್ಪನ್ನು ಮಣಿಸಲು ತಂದ ತಿದ್ದುಪಡಿಯ ಕಲಮು 2003ರ ಮಾರ್ಚಿನಲ್ಲಿ ಬಿದ್ದುಹೋಯಿತು. ಇಂದು ನಾವು ಅಭ್ಯರ್ಥಿಯ ಪ್ರಮಾಣಪತ್ರವನ್ನು ಮೊಬೈಲಿನಲ್ಲಿ ತೆರೆದು ಓದುವುದು ಆ ಅರ್ಜಿಯಿಂದಾಗಿ. ಅವರು ಅಪರಾಧ ಮತ್ತು ರಾಜಕಾರಣದ ನಂಟಿನ ಮೇಲೆ ಇನ್ನೊಂದು ಸಿದ್ಧಾಂತ ಬರೆಯುವ ಬದಲು, ಅದನ್ನು ಎಣಿಸಲು ಬರುವಂಥ ಕಾಗದವೊಂದು ಹುಟ್ಟುವಂತೆ ಮಾಡಿದರು. ಇದಕ್ಕೆ ಪ್ರತಿಯಾಗಿ 1993ರ ವೋಹ್ರಾ ಸಮಿತಿಯನ್ನು ನೆನೆಯಿರಿ: ಅಪರಾಧಿಗಳು, ರಾಜಕಾರಣಿಗಳು, ಅಧಿಕಾರಿಗಳ ನಂಟನ್ನು ಸರ್ಕಾರದ್ದೇ ಸಮಿತಿ ಗುರುತಿಸಿತು, 1995ರಲ್ಲಿ ಸಂಸತ್ತಿನ ಮುಂದೆ ಬಂದ ಅದರ ವರದಿ ತೀರ ಕಿರಿದಾಗಿತ್ತು, ಪುರವಣಿಗಳು ಹೊರಬರಲಿಲ್ಲ.

ಲೋಕಾಯುಕ್ತ ವರದಿಯಲ್ಲಿ ನನಗೆ ಮೆಚ್ಚುಗೆಯಾದದ್ದು ಅದರ ಕೂಡಿಸಿ ಕಳೆಯುವ ಲೆಕ್ಕ. ಅರಣ್ಯ ಸೇವೆಯ ಡಾ. ಯು.ವಿ. ಸಿಂಗ್ ಅವರ ತಂಡ ಬಂದರುಗಳಿಂದ ಎಷ್ಟು ಟನ್ ಹೊರಗೆ ಹೋಯಿತು ಎಂಬುದನ್ನು ಒಂದು ಕಡೆ, ಎಷ್ಟು ಟನ್ನಿಗೆ ಪರ್ಮಿಟ್ ಕೊಡಲಾಗಿತ್ತು ಎಂಬುದನ್ನು ಇನ್ನೊಂದು ಕಡೆ ಇಟ್ಟು ಹೋಲಿಸಿತು. ಬಂದರಿನ ಪುಸ್ತಕವನ್ನು ಬರೆದವರಿಗೆ ಗಣಿ ಇಲಾಖೆಯ ಪುಸ್ತಕದಲ್ಲಿ ಏನಿದೆ ಎಂಬುದು ಬೇಕಿರಲಿಲ್ಲ. ಕಳ್ಳ ಲೆಕ್ಕ ಬರೆಯುವವನು ತನ್ನ ಪುಸ್ತಕವನ್ನು ತಿದ್ದಬಲ್ಲ, ಊರಿನ ಎಲ್ಲ ಪುಸ್ತಕಗಳನ್ನೂ ಒಂದೇ ರಾತ್ರಿ ತಿದ್ದಲಾರ. ಬೇಲೆಕೇರಿಯನ್ನೇ ತೆಗೆದುಕೊಳ್ಳಿ. 2010ರಲ್ಲಿ ಅಲ್ಲಿ ಜಪ್ತಿಯಾಗಿದ್ದ ಸುಮಾರು 5 ಲಕ್ಷ ಟನ್ ಅದಿರು ಕಾಣೆಯಾಯಿತು ಎಂದು ಪತ್ರಿಕೆಗಳಲ್ಲಿ ಓದಿದಾಗ ಅದೊಂದು ಸಂಖ್ಯೆ ಮಾತ್ರ. ಲಾರಿಗೆ 16 ಟನ್ನಿನ ಲೆಕ್ಕ ಹಿಡಿದರೆ ಅದು 31,250 ಲಾರಿಗಳ ಮಾಲು. ಅಷ್ಟನ್ನು ಹಡಗಿಗೆ ತುಂಬುವಾಗ ಪ್ರತಿ ಹಡಗಿಗೂ ಸುಂಕದ ಕಾಗದ, ಬಂದರಿನ ನೋಂದಣಿ, ತೂಕದ ಚೀಟಿ ಆಗಬೇಕು. ಜಪ್ತಿಯ ಮಹಜರು ಒಂದು ಕೈಯಲ್ಲಿ, ಈ ಕಾಗದಗಳು ಇನ್ನೊಂದು ಕೈಯಲ್ಲಿ ಇದ್ದರೆ ಮಾಮೂಲನ್ನು ಯಾರೂ ಬಾಯಿಬಿಟ್ಟು ಒಪ್ಪಬೇಕಾಗಿಲ್ಲ.

ನ್ಯಾಯಾಲಯದಲ್ಲಿ ಲೆಕ್ಕದ ಕಡೆ ಗಮನ ಎಷ್ಟು ಬೇಕು ಎಂಬುದಕ್ಕೂ ಬೆಂಗಳೂರಿನಲ್ಲಿಯೇ ಸಾಕ್ಷಿಯಿದೆ. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣದಲ್ಲಿ ಹೈಕೋರ್ಟ್ 2015ರ ಮೇ 11ರಂದು ಖುಲಾಸೆಯ ತೀರ್ಪು ಕೊಟ್ಟಾಗ, ಸಾಲಗಳ ಪಟ್ಟಿಯ ಮೊತ್ತವನ್ನು 24.17 ಕೋಟಿ ಎಂದು ಬರೆಯಲಾಗಿತ್ತು. ಅದೇ ಪಟ್ಟಿಯನ್ನು ಕೂಡಿದರೆ ಬರುವುದು 10.67 ಕೋಟಿ. ತಪ್ಪು ಮೊತ್ತ ಹಿಡಿದಾಗ ಆದಾಯ ಮೀರಿದ ಆಸ್ತಿ ಶೇ 8.12, ಸರಿಯಾದ ಮೊತ್ತ ಹಿಡಿದಾಗ ಶೇ 76ಕ್ಕೂ ಹೆಚ್ಚು. ಶೇ 10ರೊಳಗಿದ್ದರೆ ಬಿಡಬಹುದು ಎಂಬ ಹಳೆಯ ತೀರ್ಪೊಂದು ಇದ್ದುದರಿಂದ ಇಡೀ ಪ್ರಕರಣ ಆ ಒಂದು ಕೂಡುವ ಲೆಕ್ಕದ ಮೇಲೆ ತೂಗಾಡಿತು. ಸುಪ್ರೀಂ ಕೋರ್ಟ್ 2017ರ ಫೆಬ್ರುವರಿ 14ರಂದು ವಿಚಾರಣಾ ನ್ಯಾಯಾಲಯದ ಶಿಕ್ಷೆಯ ತೀರ್ಪನ್ನು ಮತ್ತೆ ನಿಲ್ಲಿಸಿತು. ನನ್ನ ಬಿ.ಎಸ್‌ಸಿ. ತರಗತಿಯಲ್ಲಿ ಪ್ರತಿ ವರ್ಷ ಮೊದಲ ದಿನ ನಾನು ಹಲಗೆಯ ಮೇಲೆ ಬರೆಯುವುದು ಈ ಎರಡು ಮೊತ್ತಗಳನ್ನು.

ಪ್ರತಿಕ್ರಿಯೆ: ಸಂಶೋಧಕ, ಬೊಲೊನ್ಯಾ (ಊರು ಶಿರಸಿ)

ಎರಡೇ ಮಾತು ಸೇರಿಸುತ್ತೇನೆ. ಇಟಲಿಯ ದಂಡ ಸಂಹಿತೆಗೆ 416-ಬಿಸ್ ಎಂಬ ವಿಧಿ ಸೇರಿದ್ದು 1982ರ ಸೆಪ್ಟೆಂಬರಿನಲ್ಲಿ. ಅದನ್ನು ಮಂಡಿಸಿದ್ದ ಸಂಸದ ಪಿಯೊ ಲಾ ತೊರ್ರೆ ಅದೇ ಏಪ್ರಿಲಿನಲ್ಲಿ ಕೊಲೆಯಾಗಿದ್ದರು. ಆ ವಿಧಿ ಹಳೆಯ ದೋಷಾರೋಪ ಪಟ್ಟಿಗಳನ್ನು ಕೇಳುವುದಿಲ್ಲ. ಕೂಟದ ನಂಟಿಗೇ ಇರುವ ಬೆದರಿಸುವ ಶಕ್ತಿಯನ್ನೂ ಅದರಿಂದ ಜನರಲ್ಲಿ ಹುಟ್ಟುವ ಮೌನವನ್ನೂ ಬಳಸಿಕೊಂಡು, ಗುತ್ತಿಗೆ, ಪರವಾನಗಿ, ಸಾರ್ವಜನಿಕ ಕಾಮಗಾರಿಗಳ ಮೇಲೆ ಹಿಡಿತ ಸಾಧಿಸುವುದನ್ನೇ ಅದು ಅಪರಾಧವೆಂದು ಕರೆಯುತ್ತದೆ. ‘ಪರವಾನಗಿ’ ಎಂಬ ಪದ ವ್ಯಾಖ್ಯೆಯ ಒಳಗೇ ಇದೆ ಎಂಬುದನ್ನು ಬಳ್ಳಾರಿಯ ಓದುಗರು ಗಮನಿಸಬೇಕು. ಪಲೆರ್ಮೊದಲ್ಲಿ 1986ರ ಫೆಬ್ರುವರಿಯಿಂದ 1987ರ ಡಿಸೆಂಬರಿನವರೆಗೆ ನಡೆದ ಮಹಾವಿಚಾರಣೆಯಲ್ಲಿ 300ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾದದ್ದು ಈ ವಿಧಿಯ ಬಲದಿಂದ, ಮತ್ತು ನ್ಯಾಯಾಧೀಶ ಫಾಲ್ಕೋನೆ ಬ್ಯಾಂಕಿನ ಚೆಕ್ಕುಗಳ ಜಾಡು ಹಿಡಿದು ವರ್ಷಗಟ್ಟಲೆ ಕೂತದ್ದರಿಂದ. ಮೈಸೂರಿನವರು ಹೇಳಿದ ಎರಡು ಪುಸ್ತಕಗಳ ಉಪಾಯವೇ ಅಲ್ಲಿಯೂ ನಡೆದದ್ದು.

ಇನ್ನೊಂದು ಅಮೆರಿಕದ್ದು. ಸಂಘಟಿತ ಅಪರಾಧದ ವಿರುದ್ಧ ಅಲ್ಲಿ ತಂದ 1970ರ ರಿಕೊ ಕಾಯ್ದೆಯ ಕರಡು ಬರೆದವರು ರಾಬರ್ಟ್ ಬ್ಲೇಕಿ ಎಂಬ ಕಾನೂನು ಪ್ರಾಧ್ಯಾಪಕರು. ಮೊದಲ ಹಲವು ವರ್ಷ ಅಭಿಯೋಜಕರು ಅದನ್ನು ಮುಟ್ಟಲು ಹಿಂಜರಿದಾಗ, ಅವರು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಬೇಸಿಗೆಯ ತರಗತಿಗಳನ್ನಿಟ್ಟು ಅಭಿಯೋಜಕರಿಗೂ ತನಿಖಾಧಿಕಾರಿಗಳಿಗೂ ಪಾಠ ಹೇಳಿದರು. ನ್ಯೂಯಾರ್ಕಿನ ಮಾಫಿಯಾ ಕುಟುಂಬಗಳ ಮುಖ್ಯಸ್ಥರಿಗೆ ಅದರಡಿ ಶಿಕ್ಷೆಯಾದದ್ದು 1986ರಲ್ಲಿ. ನಮ್ಮ ಕೋಕಾಕ್ಕೆ ಅಂಥ ಪಾಠ ಹೇಳಿದವರು ಯಾರಾದರೂ ಇದ್ದಾರೆಯೇ ಎಂದು ಹಿರಿಯ ಅಭಿಯೋಜಕರನ್ನು ಕೇಳಬೇಕೆನಿಸುತ್ತದೆ.

ಪ್ರತಿಕ್ರಿಯೆ: ನಿವೃತ್ತ ಸರ್ಕಾರಿ ಅಭಿಯೋಜಕ, ದಾವಣಗೆರೆ

ನನಗೆ ಯಾರೂ ಹೇಳಲಿಲ್ಲ. ಸುತ್ತೋಲೆ ಬಂದಿತ್ತು.

ಬಳ್ಳಾರಿಯ ವಕೀಲರ ಆತಂಕ ನ್ಯಾಯವಾದದ್ದು, ಷರತ್ತನ್ನು ಸಡಿಲಿಸಬೇಕೆಂಬುದು ನನ್ನ ಮಾತೂ ಅಲ್ಲ. ಆದರೆ ರಿಟ್ ಅರ್ಜಿಯೇ ಸಾಕೆಂಬ ಧ್ವನಿ ಅವರ ಬರಹದಲ್ಲಿದ್ದರೆ ಅದನ್ನು ಒಪ್ಪಲಾರೆ. ಅದು ಗಣಿಯನ್ನು ನಿಲ್ಲಿಸಿತು, ಮಾಮೂಲು ಪಡೆದವರಿಗೆ ನಿವೃತ್ತಿ ವೇತನ ಬರುತ್ತಲೇ ಇದೆ.

ಮೈಸೂರಿನ ಅಧ್ಯಾಪಕರಿಗೆ ಒಂದು ವಿನಂತಿ. ನಿಮ್ಮ ಹೋಲಿಕೆಯ ಪಟ್ಟಿ ಎಷ್ಟೇ ಸೊಗಸಾಗಿದ್ದರೂ, ಹೊಸ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಗೆ ಎರಡು ಭಾಗಗಳ ಪ್ರಮಾಣಪತ್ರ ಬೇಕು: ‘ಎ’ ಭಾಗಕ್ಕೆ ದಾಖಲೆ ಹಾಜರುಪಡಿಸುವವರದ್ದು, ‘ಬಿ’ ಭಾಗಕ್ಕೆ ತಜ್ಞರದ್ದು, ಜೊತೆಗೆ ದಾಖಲೆ ಬದಲಾಗಿಲ್ಲವೆಂದು ತೋರಿಸುವ ಹ್ಯಾಶ್ ಸಂಖ್ಯೆ. ಅದಿಲ್ಲದೆ ಸಾಕ್ಷಿಕಟ್ಟೆ ಹತ್ತಿದರೆ ಪಾಟಿ ಸವಾಲಿನಲ್ಲಿ ಐದು ನಿಮಿಷ ಉಳಿಯುವುದಿಲ್ಲ. ಸಂಖ್ಯಾಶಾಸ್ತ್ರದವರು ತಜ್ಞರಾಗಿ ಬಂದು ನಿಲ್ಲುವುದಾದರೆ ನಮ್ಮ ಕಿರಿಯ ಅಭಿಯೋಜಕರು ಕೈಮುಗಿದು ಕರೆಯುತ್ತಾರೆ. ನನ್ನ ಮೂವತ್ತು ವರ್ಷಗಳಲ್ಲಿ ಅಂಥವರು ಒಬ್ಬರೂ ಸಿಗಲಿಲ್ಲ.

ಪ್ರತಿಕ್ರಿಯೆ: ಎಲ್‌ಎಲ್‌.ಎಂ. ವಿದ್ಯಾರ್ಥಿನಿ, ಹುಬ್ಬಳ್ಳಿ

ಎಲ್ಲರಿಗೂ ಕೃತಜ್ಞತೆಗಳು. ನನ್ನ ಪ್ರಬಂಧದ ವ್ಯಾಪ್ತಿಯನ್ನು ಇಡೀ ಬಳ್ಳಾರಿಯಿಂದ ಬೇಲೆಕೇರಿಯೊಂದಕ್ಕೆ ಇಳಿಸಲು ಮಾರ್ಗದರ್ಶಕರ ಒಪ್ಪಿಗೆ ಪಡೆದಿದ್ದೇನೆ. 2024ರ ತೀರ್ಪುಗಳನ್ನು ಮುಂದಿಟ್ಟುಕೊಂಡು, ಅವುಗಳಲ್ಲಿ ಸಾಬೀತಾದ ಪ್ರತಿಯೊಂದು ಸಂಗತಿಯೂ ಯಾವ ಇಲಾಖೆಯ ಯಾವ ಪುಸ್ತಕದಿಂದ ಬಂತು, ಮನುಷ್ಯ ಸಾಕ್ಷಿಯಿಂದ ಬಂದದ್ದೆಷ್ಟು, ಕಾಗದದಿಂದ ಬಂದದ್ದೆಷ್ಟು ಎಂದು ಪಟ್ಟಿ ಮಾಡುವುದು ಈಗಿನ ಯೋಜನೆ. ಅದೇ ಸಂಗತಿಗಳು ಕೋಕಾದಲ್ಲಿ, 111ನೆಯ ಕಲಮಿನಲ್ಲಿ ಮತ್ತು 416-ಬಿಸ್‌ನಲ್ಲಿ ಎಲ್ಲಿಯವರೆಗೆ ಸಾಗುತ್ತವೆ, ಎಲ್ಲಿ ನಿಲ್ಲುತ್ತವೆ ಎಂಬುದನ್ನು ಪಕ್ಕದ ಅಂಕಣಗಳಲ್ಲಿ ಬರೆಯುತ್ತೇನೆ.

ಒಂದು ಪ್ರಾಯೋಗಿಕ ತೊಂದರೆ ಉಳಿದಿದೆ. ತೀರ್ಪುಗಳು ಇ-ಕೋರ್ಟ್ಸ್ ತಾಣದಲ್ಲಿ ಸಿಗುತ್ತವೆ, ಆದರೆ ಗುರುತು ಹಾಕಿದ ದಾಖಲೆಗಳು ಸಿಗುವುದಿಲ್ಲ. ಪ್ರಕರಣದ ಪಕ್ಷಗಾರಳಲ್ಲದ ನಾನು ಅವುಗಳ ನಕಲು ಕೇಳಬಹುದೇ?

ಪ್ರತಿಕ್ರಿಯೆ: ವಕೀಲ, ಬಳ್ಳಾರಿ

ಕೇಳಬಹುದು, ಮೇಡಂ. ಮೂರನೆಯ ವ್ಯಕ್ತಿಯಾಗಿ ನಕಲು ಅರ್ಜಿ ಹಾಕಿ, ಯಾವ ಉದ್ದೇಶಕ್ಕೆ ಬೇಕೆಂದು ಅಫಿಡವಿಟ್ ಲಗತ್ತಿಸಿ. ಕೊಡುವುದು ಬಿಡುವುದು ನ್ಯಾಯಾಲಯದ ವಿವೇಚನೆ. ವಿಶ್ವವಿದ್ಯಾಲಯದ ಪತ್ರವೊಂದು ಜೊತೆಗಿರಲಿ. ‘ಎಲ್ಲ ದಾಖಲೆಗಳು’ ಎಂದು ಬರೆದರೆ ಅರ್ಜಿ ವಾಪಸು ಬರುತ್ತದೆ. ತೀರ್ಪಿನ ಕೊನೆಯಲ್ಲಿ ಅನುಬಂಧವಿರುತ್ತದೆ, ಅದರಲ್ಲಿರುವ ನಿಶಾನೆ ಸಂಖ್ಯೆಗಳನ್ನೇ ಒಂದೊಂದಾಗಿ ನಮೂದಿಸಿ. ಮೊದಲು ಜಪ್ತಿಯ ಮಹಜರು ಕೇಳಿ. ಮೇಲ್ಮನವಿ ಇರುವುದರಿಂದ ಕಡತ ಹೈಕೋರ್ಟಿಗೆ ಹೋಗಿದೆಯೋ ಇಲ್ಲಿಯೇ ಇದೆಯೋ ಎಂಬುದನ್ನು ಶಿರಸ್ತೇದಾರರ ಬಳಿ ವಿಚಾರಿಸಿಕೊಂಡು ಆಮೇಲೆ ಸ್ಟ್ಯಾಂಪಿಗೆ ದುಡ್ಡು ಹಾಕಿ.